ಸಿರ್ಸಿಯ ಬೋರ್ಡಿಲ್ಲದ ರಿಪೇರಿ ಅಂಗಡಿ, ಮತ್ತು ನಮ್ಮ ಮನೆಯ ಬಿ ಸೈಡ್ ಜಗಳ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೊಕ್ಕ, ರೇಟು ಜಾಸ್ತಿ ಇಲ್ಲ, ಆದರೆ ಅರ್ಜೆಂಟ್ ಇದ್ದವರು ಹೋಗಬೇಡಿ. ಮೂರು ದಿನ ಅಂದವರು ಹತ್ತೊಂಬತ್ತು ದಿನ ಇಟ್ಟುಕೊಂಡರು. ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ನಾಲ್ಕರವರೆಗೆ ಇಲ್ಲ, ಊಟ ನಿದ್ದೆ ಎರಡೂ ಮುಗಿಯಬೇಕು. ಅಂಗಡಿಗೆ ಬೋರ್ಡೇ ಇಲ್ಲ. ದೇವಿಕೆರೆ ಹತ್ತಿರ ಯಾರನ್ನಾದರೂ ‘ರೇಡಿಯೋ ರಿಪೇರಿಯವರು ಎಲ್ಲಿ’ ಅಂತ ಕೇಳಿ, ತೋರಿಸುತ್ತಾರೆ.

ನಾನು ಒಯ್ದಿದ್ದು ಮಾವನ ಮನೆಯ ಹಳೇ ಸೂಟ್‌ಕೇಸ್ ರೆಕಾರ್ಡ್ ಪ್ಲೇಯರ್. ಮುಚ್ಚಳ ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದು, ಕರೆಂಟಿನಲ್ಲೂ ಓಡುತ್ತದೆ, ಸೆಲ್ಲಿನಲ್ಲೂ ಓಡುತ್ತದೆ. ಸಿರ್ಸಿಯ ಮಳೆಗಾಲ ನೋಡಿದವರಿಗೆ ಸೆಲ್ಲಿನ ಬೆಲೆ ಬೇರೆ ಹೇಳಬೇಕಾಗಿಲ್ಲ. ಪಿನ್ನು ಸವೆದಿತ್ತು, ಹಾಡಿನ ನಡುವೆ ಹಪ್ಪಳ ಕರಿದ ಹಾಗೆ ಸದ್ದು. ಪಿನ್ನು ಬದಲಾಯಿಸಿ ಸಾಕು ಅಂತ ಕೊಟ್ಟು ಬಂದೆ. ಟೆಸ್ಟ್ ಮಾಡಲು ಒಂದು ಪ್ಲೇಟೂ ಜೊತೆಗಿಟ್ಟೆ. ಆ ಪ್ಲೇಟಿನ ಕತೆ ಹೇಳದೆ ಈ ಅಂಗಡಿಯ ಬಗ್ಗೆ ಹೇಳಿದರೆ ಅರ್ಧ ಹೇಳಿದಂತೆ.

ಅದು ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್‌ನವರ ಚಿಕ್ಕ ಪ್ಲೇಟು, 1968ರದ್ದು. ಒಂದು ಮಗ್ಗಲಲ್ಲಿ ‘ಲೇಡಿ ಮಡೋನಾ’, ಎಲ್ಲರಿಗೂ ಗೊತ್ತಿರುವ ಹಾಡು. ತಿರುಗಿಸಿ ಹಾಕಿದರೆ ‘ದಿ ಇನ್ನರ್ ಲೈಟ್’. ಅವರಲ್ಲೊಬ್ಬ, ಜಾರ್ಜ್ ಹ್ಯಾರಿಸನ್ ಮಾಡಿದ್ದು. ಬೀಟಲ್ಸ್‌ನವರ ಸಿಂಗಲ್ ಪ್ಲೇಟಿನಲ್ಲಿ ಅವನ ಹಾಡು ಬಂದದ್ದು ಅದೇ ಮೊದಲು, ಅದೂ ಹಿಂದಿನ ಮಗ್ಗಲಲ್ಲಿ. ಗಿಟಾರಿಲ್ಲ, ಡ್ರಮ್ಮಿಲ್ಲ. ಸರೋದ್, ಶೆಹನಾಯಿ, ಬಾನ್ಸುರಿ, ಪಖವಾಜ್. ಸರೋದ್ ನುಡಿಸಿದ್ದು ಅಲಿ ಅಕ್ಬರ್ ಖಾನರ ಮಗ ಆಶಿಶ್ ಖಾನ್, ಕೊಳಲು ಹರಿಪ್ರಸಾದ್ ಚೌರಾಸಿಯಾ. ವಾದ್ಯಗಳ ಭಾಗ ಆ ವರ್ಷ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು, ಹಾಡಿದ್ದು ಮುಂದಿನ ತಿಂಗಳು ಲಂಡನ್ನಿನಲ್ಲಿ.

ನಮ್ಮ ಮನೆಯಲ್ಲಿ ಈ ಹಾಡಿನ ಮೇಲೆ ಎಷ್ಟೋ ವರ್ಷದಿಂದ ಜಗಳ. ಇದು ಎಲ್ಲಿಂದ ಬಂತು ಅಂತ.

ಮಾವ ಹಾರ್ಮೋನಿಯಂ ಬಾರಿಸುವವರು. ಅವರ ಮಟ್ಟಿಗೆ ವಿಷಯ ಎಂದೋ ಮುಗಿದಿದೆ. ‘ಇದು ಖಮಾಜು ರಾಗ ಮಾರಾಯ, ಬೇರೆ ಎಂತದೂ ಇಲ್ಲ’ ಅಂದು ಎಲೆಗೆ ಸುಣ್ಣ ಹಚ್ಚುತ್ತಾರೆ. ಹ್ಯಾರಿಸನ್ ಅಲ್ಲಾವುದ್ದೀನ್ ಖಾನರ ಶಿಷ್ಯ ರವಿಶಂಕರರ ಹತ್ತಿರ ಸಿತಾರ್ ಕಲಿತವ, ಈ ಕಡೆ ಸರೋದ್ ಹಿಡಿದವ ಅದೇ ಖಾನರ ಮೊಮ್ಮಗ, ಅಂದ ಮೇಲೆ ಎರಡೂ ಕಡೆಯಿಂದ ಅವರ ಸಂಗೀತ ಪರಂಪರೆ, ಮೈಹರ್ ಘರಾನೆಯೇ ಅಲ್ವಾ ಅಂತ ಅವರ ವಾದ. ಕಾರವಾರದಿಂದ ಬರುವ ಗೆಳತಿಗೆ ಇದು ಒಪ್ಪಿಗೆಯಿಲ್ಲ. ಅವಳು ಬೀಟಲ್ಸ್ ಭಕ್ತೆ. ವಾದ್ಯ ಎಲ್ಲ ಬರೀ ಅಂಗಿ, ಒಳಗಿನ ಮೈ ಇಂಗ್ಲಿಷ್ ಹಾಡಿನದು, ರಾಗ ಅಂದರೆ ಹೀಗೆ 2 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದಾ ಅಂತ ಕೇಳುತ್ತಾಳೆ. ಮಾತು ಇಂಡಿಯಾದ್ದೂ ಅಲ್ಲ, ಚೀನಾದ್ದು ಅಂತ ಬೇರೆ ನೆನಪಿಸುತ್ತಾಳೆ. ಅದು ನಿಜವೇ. ಮಾತು ಚೀನಾದ ಹಳೇ ಗ್ರಂಥ ‘ದಾವ್ ದ ಜಿಂಗ್’ನ (ತಾವೋ ಅಂತಲೂ ಹೇಳುತ್ತಾರಲ್ಲ, ಅದರ) 47ನೇ ಅಧ್ಯಾಯದ್ದು. ಮನೆಯ ಬಾಗಿಲು ದಾಟದೆಯೂ ಲೋಕ ತಿಳಿಯಬಹುದು ಎನ್ನುವ ಅರ್ಥದ ಸಾಲುಗಳು. ಹ್ಯಾರಿಸನ್‌ಗೆ ಅದನ್ನು ಹಾಡು ಮಾಡು ಅಂತ ಸೂಚಿಸಿದವರು ಹ್ವಾನ್ ಮಸ್ಕರೋ, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ಕೇಂಬ್ರಿಜ್‌ನ ಸಂಸ್ಕೃತ ಪಂಡಿತರು. ಚೀನಾದ ಮಾತು, ಸಂಸ್ಕೃತ ಪಂಡಿತರ ಸಲಹೆ, ಬೊಂಬಾಯಿಯ ವಾದ್ಯ, ಲಿವರ್‌ಪೂಲಿನ ಗಂಟಲು. ಜಗಳ ಆಗದೆ ಇನ್ನೇನು. (ಆಷಾಢದಲ್ಲಿ ಹದಿನೈದು ದಿನ ಮನೆಯಿಂದ ಹೊರಗೆ ಕಾಲಿಡದೆ ಕೂತ ನಮಗೆ ಲೋಕ ತಿಳಿದದ್ದು ಅಷ್ಟಕ್ಕಷ್ಟೇ, ಅದು ಬೇರೆ ಮಾತು.)

ಇನ್ನು ನನ್ನ ವಾದ. ನಗಬೇಡಿ. ನನಗೆ ಅದರಲ್ಲಿ ಯಕ್ಷಗಾನ ಕೇಳುತ್ತಿತ್ತು. ಹ್ಯಾರಿಸನ್ ಹೊನ್ನಾವರಕ್ಕೆ ಬಂದು ಆಟ ನೋಡಿದ್ದಾನೆ ಅಂತ ಅಲ್ಲ. ಆದರೆ ಶುರುವಿನ ಪಖವಾಜ್ ಏರು ಮದ್ದಲೆಯ ಹಾಗೆ ಹಾರುತ್ತಿತ್ತು, ಶೆಹನಾಯಿ ಕೀರಲಾಗಿ, ನಮ್ಮ ಮದುವೆ ವಾಲಗಕ್ಕಿಂತ ಮೇಲೆ ಎಲ್ಲೋ ಕೂಗುತ್ತಿತ್ತು. ಇದು ಶಾಸ್ತ್ರೀಯದ ಗತ್ತಲ್ಲ, ಬಯಲಿನ ಗತ್ತು ಅಂತ ಎಷ್ಟು ರಾತ್ರಿ ವಾದಿಸಿದ್ದೇನೋ. ಮೊಬೈಲಿನಲ್ಲಿ ಕೇಳಿದರೆ ಹಾಗಿಲ್ಲ ಕಣೋ ಅಂತ ಗೆಳತಿ ಹೇಳಿದಾಗ ಮಾವ, ನಾನು ಇಬ್ಬರೂ ಒಂದಾಗಿ ಮೊಬೈಲಿಗೇ ಬೈದಿದ್ದೆವು.

ಹತ್ತೊಂಬತ್ತನೇ ದಿನ ಮಾವನನ್ನೂ ಕರೆದುಕೊಂಡು ಹೋದೆ. ಪಿನ್ನು ಹಾಕಿ ಆಗಿತ್ತು. ಪ್ಲೇಟು ಹಾಕಿದರು. ರಿಪೇರಿಯವರು ಅರ್ಧ ನಿಮಿಷ ಕೇಳಿದರು, ತಲೆ ಓರೆ ಮಾಡಿದರು, ‘ಇದೆಂತ ಸರ್, ಸ್ಪೀಡ್ ಜಾಸ್ತಿ ಇಲ್ವಾ?’ ಅಂದರು.

ಇಲ್ಲ ಅಂದೆವು. ಇಬ್ಬರೂ, ಒಟ್ಟಿಗೆ.

ಅವರು ಮಾತಾಡಲಿಲ್ಲ. ಡ್ರಾಯರಿನಿಂದ ಒಂದು ರಟ್ಟಿನ ಚಕ್ರ ತೆಗೆದರು, ಮೇಲೆ ಉಂಗುರ ಉಂಗುರವಾಗಿ ಕಪ್ಪು ಗೆರೆ, ಜೆರಾಕ್ಸ್ ಮಾಡಿ ಅಂಟಿಸಿದ್ದು. ಅದನ್ನು ಪ್ಲೇಟಿನ ಮೇಲಿಟ್ಟರು. ಎಲ್‌ಇಡಿ ಬಲ್ಬು ಆರಿಸಿ, ಗೋಡೆಯ ಮೇಲಿದ್ದ ಹಳೇ ಚೋಕಿನ ಟ್ಯೂಬ್‌ಲೈಟ್ ಹಾಕಿದರು. ಅದು ನಾಲ್ಕು ಸಲ ಮಿಟಿಮಿಟಿ ಅಂದು ಹೊತ್ತಿಕೊಂಡಿತು. ಲೆಕ್ಕ ಹೀಗೆ: ನಮ್ಮ ಕರೆಂಟು 50 ಹರ್ಟ್ಸ್, ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಇಂಥ ಚಿಕ್ಕ ಪ್ಲೇಟು ನಿಮಿಷಕ್ಕೆ 45 ಸುತ್ತು ತಿರುಗಬೇಕು, ಆ 45ರ ಉಂಗುರದಲ್ಲಿ 133 ಗೆರೆ ಇವೆ. ವೇಗ ಸರಿ ಇದ್ದರೆ ಆ ಗೆರೆಗಳು ತಿರುಗುತ್ತಿದ್ದರೂ ನಿಂತ ಹಾಗೆ ಕಾಣಬೇಕು. ನಮ್ಮವು ನಿಲ್ಲಲಿಲ್ಲ. ಇರುವೆ ಸಾಲಿನ ಹಾಗೆ ಸರಸರ ಮುಂದೆ ಓಡುತ್ತಿದ್ದವು. 45 ಸುತ್ತಬೇಕಾದದ್ದು ಹತ್ತಿರ ಹತ್ತಿರ 48 ಸುತ್ತುತ್ತಿತ್ತು.

ಕಾರಣವನ್ನೂ ಅವರೇ ಹೇಳಿದರು. ಎಂದೋ ಪ್ಲೇಟು ತಿರುಗಿಸುವ ರಬ್ಬರ್ ಚಕ್ರ ಗಟ್ಟಿಯಾಗಿ ಜಾರಲು ಶುರುವಾದಾಗ, ಯಾರೋ ಮೋಟಾರಿನ ಸ್ಕ್ರೂ ತಿರುಗಿಸಿ ವೇಗ ಏರಿಸಿದ್ದಾರೆ. ಆಮೇಲೆ ಇನ್ನೊಂದು ಊರಿನಲ್ಲಿ ಹೊಸ ಚಕ್ರ ಹಾಕಿಸಿದೆವು, ಹಾಕಿದವರು ಸ್ಕ್ರೂ ಮುಟ್ಟಿಲ್ಲ. ಅಷ್ಟೇ.

ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು. ಇರುವೆಗಳು ನಿಧಾನವಾದವು, ಒಂದು ಕ್ಷಣ ಹಿಂದಕ್ಕೆ ನಡೆದವು, ನಿಂತವು.

ಮತ್ತೆ ಹಾಡು ಹಾಕಿದರು. ಶೆಹನಾಯಿ ಕೆಳಗಿಳಿದು ತುಂಬಿಕೊಂಡಿತ್ತು. ಪಖವಾಜ್‌ಗೆ ಉಸಿರಾಡಲು ಜಾಗ ಸಿಕ್ಕಿತ್ತು. ಹ್ಯಾರಿಸನ್ನನ ದನಿ ಹುಡುಗನದ್ದಲ್ಲ, ಗಂಡಸಿನದ್ದು. ಮಾವ ಬೆರಳಲ್ಲಿ ಗಾಳಿಯ ಮೇಲೆ ಹಾರ್ಮೋನಿಯಂ ಮುಟ್ಟಿ ನೋಡಿ, ‘ಓಹೋ, ಇದು ಕಪ್ಪು ಎರಡು. ನಾನು ಇಷ್ಟು ವರ್ಷ ಬಿಳಿ ಮೂರರಲ್ಲಿ ಬಾರಿಸ್ತಿದ್ದೆ’ ಅಂದರು. ಅಂದರೆ ಹಾರ್ಮೋನಿಯಂನ ಒಂದು ಮನೆ ಮೇಲಿನ ಶ್ರುತಿಯಲ್ಲಿ. ಅವರ ಖಮಾಜಿಗೆ ಏನೂ ಆಗಲಿಲ್ಲ, ಶ್ರುತಿ ಬದಲಾದರೆ ರಾಗ ಬದಲಾಗುವುದಿಲ್ಲವಲ್ಲ. ನನ್ನ ಯಕ್ಷಗಾನ ಮಾತ್ರ ಅಲ್ಲೇ ಮೇಜಿನ ಮೇಲೆ ಸತ್ತಿತು.

ನಮ್ಮ ಜಗಳದ ಕತೆ ಕೇಳಿ ರಿಪೇರಿಯವರು ಹೇಳಿದ್ದು ನನಗೆ ಇನ್ನೂ ತಲೆಯಲ್ಲಿ ಕೂತಿದೆ. ‘ಇದು ಸಿನೆಮಾ ಹಾಡಲ್ವಾ ಸರ್? ಮೊದಲು ಮ್ಯೂಸಿಕ್ಕು, ಆಮೇಲೆ ಹಾಡು, ಮತ್ತೆ ಮ್ಯೂಸಿಕ್ಕು, ಮತ್ತೆ ಹಾಡು.’ ಇಂಗ್ಲಿಷ್ ಹಾಡು ಕೇಳುವ ಮನುಷ್ಯನೇ ಅಲ್ಲ ಅವರು. ಆದರೆ ನೋಡಿ, ಜೋರಾಗಿ ಓಡುವ ವಾದ್ಯದ ತುಂಡು, ಅದು ನಿಂತ ಮೇಲೆ ಮೆಲ್ಲಗೆ ಹಾಡು, ಮತ್ತೆ ಓಟ. ಇಂಟರ್ಲ್ಯೂಡ್, ಚರಣ ಅಂತ ನಾವು ವಿವಿಧ ಭಾರತಿಯಲ್ಲಿ ಜೀವಮಾನವಿಡೀ ಕೇಳಿದ್ದೇ ತಾನೆ? ಹ್ಯಾರಿಸನ್ ಆಗ ಬೊಂಬಾಯಿಗೆ ಬಂದದ್ದೇ ‘ವಂಡರ್‌ವಾಲ್’ ಎನ್ನುವ ಸಿನೆಮಾಕ್ಕೆ ಸಂಗೀತ ಮಾಡಲು, ಈ ಟ್ಯೂನು ಅದೇ ರೆಕಾರ್ಡಿಂಗಿನ ದಿನಗಳಲ್ಲಿ ಆದದ್ದು. ಚೌರಾಸಿಯಾ ಅವರು ಬೊಂಬಾಯಿಯ ಸಿನೆಮಾ ಹಾಡುಗಳಿಗೂ ಕೊಳಲು ಊದಿದವರು. ಇದೇ ಪೂರ್ತಿ ಸತ್ಯ ಅಂತ ನಾನು ಹೇಳುವುದಿಲ್ಲ, ಒಂದು ವಾದ ಈಗಷ್ಟೇ ಕಳೆದುಕೊಂಡಿದ್ದೇನೆ. ಆದರೆ ಘರಾನೆ, ತಾವೋ ಅಂತ ಕಾದಾಡಿದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಮಾವ ಮಾತ್ರ ಸಿನೆಮಾ ಅಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ನಿಂತರು.

ಪಿನ್ನಿಗೆ 450, ಕೆಲಸಕ್ಕೆ 200. ಸ್ಪೀಡ್ ಸರಿ ಮಾಡಿದ್ದಕ್ಕೆ ಕೇಳಲಿಲ್ಲ, ಕೊಟ್ಟರೂ ತಗೊಳ್ಳಲಿಲ್ಲ. ಬಿಲ್ಲು ಸಿಗುವುದಿಲ್ಲ, ಕೇಳಿದರೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಕೊಡುತ್ತಾರೆ. ಕೂರಲು ಒಂದೇ ಸ್ಟೂಲು. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಆ ಹತ್ತೊಂಬತ್ತು ದಿನಕ್ಕೆ ಹೋಯಿತು.

ಕ್ಯಾಸೆಟ್ ಪ್ಲೇಯರ್, ವಾಲ್ವ್ ರೇಡಿಯೋ ಕೂಡ ನೋಡುತ್ತಾರಂತೆ, ನಾನು ಕೊಟ್ಟು ನೋಡಿಲ್ಲ. ಪ್ಲೇಯರ್ ಒಯ್ಯುವವರು ನಿಮಗೆ ಚೆನ್ನಾಗಿ ಬಾಯಿಪಾಠ ಇರುವ ಒಂದು ಪ್ಲೇಟು ಜೊತೆಗಿಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ. ಸೆಲ್ಲೂ ನೀವೇ ಒಯ್ಯಿರಿ, ಅವರ ಹತ್ತಿರ ಇರುವುದಿಲ್ಲ.