ಶಾಕ್ ಬೇಡ, ದಪ್ಪ ಟೈರ್ ಇರಲಿ: ಒಂದೂವರೆ ವರ್ಷ ತುಳಿದ ಸೈಕಲ್ ಬಗ್ಗೆ

ಇದು ನನ್ನ ಎರಡನೇ ಸೈಕಲ್. ಮೊದಲನೆಯದನ್ನು ಅಂಗಡಿಯಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ನೋಡಿ ತಗೊಂಡಿದ್ದೆ. ಹ್ಯಾಂಡಲ್ ಹಿಡಿದು ಎರಡು ಸಲ ಕೆಳಗೆ ಒತ್ತಿದೆ, ಮೆತ್ತಗೆ ಕುಪ್ಪಳಿಸಿತು, ಅಷ್ಟಕ್ಕೇ ಮರುಳಾದೆ. ಆ ತಪ್ಪಿಗೆ ಎರಡು ವರ್ಷ ದಂಡ ಕಟ್ಟಿದ ಮೇಲೆ ಈಗಿನದ್ದು ಬಂತು.

ಮೊದಲು ನನ್ನ ದಾರಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದ್ದಕ್ಕೆ ಅರ್ಥ ಇರುವುದಿಲ್ಲ. ಆಫೀಸಿಗೆ 11 ಕಿಲೋಮೀಟರ್. ಅದರಲ್ಲಿ 8 ಡಾಂಬರು, 3 ಕಾಲುವೆ ದಂಡೆಯ ಮಣ್ಣು ದಾರಿ. ಡಾಂಬರಿನಲ್ಲೇ ಸುತ್ತಿಕೊಂಡು ಹೋದರೆ 14 ಆಗುತ್ತದೆ, ಜೊತೆಗೆ ಲಾರಿಗಳ ಹೊಗೆ ಬೇರೆ. ರಜೆ ದಿನ ಗುಡ್ಡದ ಕಡೆ ಹೋಗುತ್ತೇನೆ, ಅಲ್ಲಿ ಜಲ್ಲಿ, ಮರಳು, ಮರದ ಬೇರು ಎಲ್ಲಾ ಇವೆ, ಆದರೆ ಸೈಕಲ್ ಹಾರಿಸುವಂಥ ಸಾಹಸ ನಾನು ಮಾಡುವುದಿಲ್ಲ. ನೀವು ಹಾರಿಸುವವರಾದರೆ ನಿಮಗೆ 100 ಅಥವಾ 120 ಮಿಲಿಮೀಟರ್ ಆಡುವ ಶಾಕ್ ಇರುವ ನಿಜವಾದ ಮೌಂಟನ್ ಬೈಕೇ ಬೇಕು, ಇಲ್ಲಿಗೇ ಓದು ನಿಲ್ಲಿಸಬಹುದು.

ಹಳೆಯದು ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಸೈಕಲ್. 63 ಮಿಲಿಮೀಟರ್ ಆಡುವ ಸ್ಪ್ರಿಂಗ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), 38 ಮಿಲಿಮೀಟರ್ ಅಗಲದ ಟೈರ್, ಮುಂದೆ ಮೂರು ಹಿಂದೆ ಎಂಟು ಗೇರ್. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಆ ಥರದ ಅಗ್ಗದ ಸ್ಪ್ರಿಂಗ್ ಫೋರ್ಕ್ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ, ಅದೇ ಜಾಗದಲ್ಲಿ ಶಾಕ್ ಇಲ್ಲದ ಅಲ್ಯೂಮಿನಿಯಂ ಫೋರ್ಕ್ ಹಾಕಿದರೆ ಸುಮಾರು ಒಂದು ಕಿಲೋದಲ್ಲಿ ಮುಗಿಯುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯ ಒಂದು ಪಾಲು ಸ್ಪ್ರಿಂಗ್ ಅದುಮುವುದಕ್ಕೇ ಹೋಗುತ್ತದೆ. ಅದನ್ನು ಲಾಕ್ ಮಾಡುವ ಗುಂಡಿ ಇತ್ತು, ನಿಜ. 8 ಕಿಲೋಮೀಟರ್ ಡಾಂಬರಿನಲ್ಲಿ ಲಾಕ್ ಮಾಡಿಯೇ ಓಡಿಸುತ್ತಿದ್ದೆ, ಅಂದರೆ ಕೆಲಸಕ್ಕೆ ಬಾರದ ಭಾರವನ್ನು ದಿನಾ ಹೊತ್ತುಕೊಂಡು ಓಡಾಡಿದ ಹಾಗೆ, ಅಲ್ವಾ? ಇನ್ನು ಮಣ್ಣು ದಾರಿಯಲ್ಲಿ ಬಿಚ್ಚಿದರೆ ದೊಡ್ಡ ಗುಂಡಿಗೆ ಏನೋ ಸ್ವಲ್ಪ ತಗ್ಗುತ್ತಿತ್ತು, ಸಣ್ಣ ಜಲ್ಲಿಯ ನಡುಕ ಮಾತ್ರ ನೇರ ಮುಂಗೈಗೆ ಬರುತ್ತಿತ್ತು. ಮಳೆ, ಧೂಳು ಸೇರಿ ಒಂದು ವರ್ಷದಲ್ಲಿ ಒಳಗಿನ ಗ್ರೀಸ್ ಕೆಟ್ಟು ಫೋರ್ಕ್ ಅರ್ಧಕ್ಕೆ ಸಿಕ್ಕಿಕೊಂಡಿತು. ಅಂಗಡಿಯವರು ನೋಡಿ, ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ಹಾಕಿಸಿ ಅಂದರು. ಬಿಟ್ಟುಬಿಟ್ಟೆ. ಶಾಕ್ ಇಲ್ಲದ ಸೈಕಲ್ ಹೇಗಿರುತ್ತದೆ ಅಂತ ಹಾಗೆ ಗೊತ್ತಾಯಿತು, ಮತ್ತೆ ಅದರಿಂದ ಅಂಥಾ ಕಷ್ಟವೇನೂ ಆಗಲಿಲ್ಲ ಅನ್ನುವುದೂ ಗೊತ್ತಾಯಿತು.

ಎರಡನೇ ಸಲ ಹುಡುಕುವಾಗ ಫೋರ್ಕ್ ಕಡೆ ನೋಡಲೇ ಇಲ್ಲ. ಫ್ರೇಮಿನಲ್ಲಿ ಎಷ್ಟು ದಪ್ಪದ ಟೈರ್ ಹಿಡಿಯುತ್ತದೆ ಅನ್ನುವುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಟೈರ್ ಆಮೇಲೆ ಬದಲಿಸಬಹುದು, ಗೇರ್ ಬದಲಿಸಬಹುದು, ಸೀಟು ಹ್ಯಾಂಡಲ್ ಎಲ್ಲಾ ಬದಲಿಸಬಹುದು. ಫ್ರೇಮಿನ ಎರಡು ಕೊಳವೆಗಳ ನಡುವಿನ ಜಾಗವನ್ನು ಮಾತ್ರ ಯಾರೂ ಅಗಲ ಮಾಡಿಕೊಡುವುದಿಲ್ಲ.

ಈಗಿನದ್ದು ನೇರ ಹ್ಯಾಂಡಲ್ ಇರುವ ಗ್ರಾವೆಲ್ ಥರದ ಸೈಕಲ್, ಅಂದರೆ ಡಾಂಬರು, ಜಲ್ಲಿ ದಾರಿ ಎರಡಕ್ಕೂ ಆಗುವಂಥದ್ದು. ಅಲ್ಯೂಮಿನಿಯಂ ಫ್ರೇಮ್, ಶಾಕ್ ಇಲ್ಲದ ಫೋರ್ಕ್, 700ಸಿ ಅಳತೆಯ ಚಕ್ರ, 45ರ ಟೈರ್, ಮಡ್‌ಗಾರ್ಡ್ ಬಿಚ್ಚಿದರೆ 50ರದ್ದೂ ಹಿಡಿಯುತ್ತದೆ. ವೈರಿನ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಶಿಮಾನೊ ಕಂಪನಿಯ ಡಿಯೋರ್ ಗೇರ್, ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹತ್ತು. ಕ್ಯಾರಿಯರ್, ಮಡ್‌ಗಾರ್ಡ್ ಬಿಗಿಯಲು ಬೇಕಾದ ತೂತುಗಳು ಫ್ರೇಮಿನಲ್ಲೇ ಇವೆ. ಬ್ರ್ಯಾಂಡ್ ಹೆಸರು ಬೇಕೂಂತಲೇ ಹಾಕಿಲ್ಲ, ಇದೇ ಜೋಡಣೆಯಲ್ಲಿ ಬೇರೆ ಬೇರೆ ಕಂಪನಿಯ ಸೈಕಲ್‌ಗಳು ಸಿಗುತ್ತವೆ, ಮಾಡೆಲ್ ಹೆಸರು ಅದೇ ಇಟ್ಟು ಒಳಗಿನ ಸಾಮಾನು ಬದಲಿಸುವುದೂ ಉಂಟು.

ಟೈರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಂಗಡಿಯಲ್ಲಿ 29 ಇಂಚು ಬೇರೆ, 700ಸಿ ಬೇರೆ ಅನ್ನುವ ಹಾಗೆ ಮಾತಾಡುತ್ತಾರೆ. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ಅಳತೆ ಎರಡಕ್ಕೂ ಒಂದೇ, 622 ಮಿಲಿಮೀಟರ್. ಹಾಗೆಯೇ 27.5 ಮತ್ತು 650ಬಿ ಎರಡೂ 584. ಟೈರಿನ ಪಕ್ಕದಲ್ಲಿ 45-622 ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಮೊದಲಿನದು ಅಗಲ, ಎರಡನೆಯದು ಈ ಅಳತೆ. ಇಂಚಿನ ಲೆಕ್ಕ ಮರೆತು ಆ ನಂಬರ್ ನೋಡಿದರೆ ಮೋಸ ಹೋಗುವುದಿಲ್ಲ. ನನ್ನದು ನಡುವೆ ಹೆಚ್ಚುಕಡಿಮೆ ನುಣುಪು, ಅಂಚಿಗೆ ಸಣ್ಣ ಗುಬಟು ಇರುವ ಟೈರ್. ಡಾಂಬರಿನಲ್ಲಿ ನಡುಭಾಗ ಮಾತ್ರ ನೆಲಕ್ಕೆ ತಾಗುವುದರಿಂದ ಗುಂಯ್ ಅನ್ನುವ ಸದ್ದಿಲ್ಲ, ಎಳೆದ ಹಾಗೆ ಅನಿಸುವುದಿಲ್ಲ. ಮಣ್ಣಿನಲ್ಲಿ ತಿರುಗುವಾಗ ಅಂಚು ಕಚ್ಚಿಕೊಳ್ಳುತ್ತದೆ. ಪೂರ್ತಿ ಗುಬಟಿನ ಟೈರ್ ನೋಡಲು ಗಂಡೆದೆ, ಆದರೆ ದಿನಾ 8 ಕಿಲೋಮೀಟರ್ ಡಾಂಬರಿಗೆ ಉಜ್ಜಿದರೆ ಬೇಗ ಸವೆಯುತ್ತದೆ, ತುಳಿಯುವುದೂ ಕಷ್ಟ.

ಇನ್ನು ಗಾಳಿ. ಇದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಲಿತಿದ್ದು. ಮೊದಲ ತಿಂಗಳು ಟೈರ್ ಕಲ್ಲಿನ ಹಾಗೆ ಆಗುವವರೆಗೂ ಪಂಪ್ ಹೊಡೆಯುತ್ತಿದ್ದೆ, ಆಮೇಲೆ ಶಾಕ್ ಇಲ್ಲದ ಸೈಕಲ್ ತಗೊಂಡು ಕೆಟ್ಟೆ ಅಂತ ಗೊಣಗುತ್ತಿದ್ದೆ. ನನ್ನ ತೂಕ 74 ಕಿಲೋ. ಈಗ ವಾರದ ದಿನ 40 ಪಿಎಸ್‌ಐ, ಗುಡ್ಡಕ್ಕೆ ಹೋಗುವ ದಿನ 30ರ ಆಸುಪಾಸು. ಅಷ್ಟಕ್ಕೇ ಸೈಕಲ್ ಬೇರೆಯೇ ಆಗುತ್ತದೆ, ಜಲ್ಲಿಯ ನಡುಕ ಟೈರಿನಲ್ಲೇ ಇಂಗಿಹೋಗುತ್ತದೆ. ಇನ್ನೂ ಇಳಿಸೋಣ ಅಂತ ಒಮ್ಮೆ 22ಕ್ಕೆ ತಂದೆ, ಒಂದು ಚೂಪು ಕಲ್ಲಿನ ಮೇಲೆ ಹತ್ತಿಸಿದ್ದೇ ತಡ, ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು. ಟ್ಯೂಬ್‌ಲೆಸ್ ಮಾಡಿಸಿದರೆ ಈ ಕಾಟ ಇಲ್ಲ, ಮುಳ್ಳಿನ ಸಣ್ಣ ತೂತನ್ನೂ ಒಳಗಿನ ದ್ರವವೇ ಮುಚ್ಚುತ್ತದೆ. ಆದರೆ ಆ ದ್ರವ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕುತ್ತಿರಬೇಕು. ನನಗೆ ಆ ತಾಳ್ಮೆ ಇಲ್ಲ, ಚೀಲದಲ್ಲಿ ಒಂದು ಟ್ಯೂಬು ಇಟ್ಟುಕೊಂಡಿದ್ದೇನೆ.

ಗೇರ್ ವಿಚಾರದಲ್ಲಿ ಮುಂದೆ ಒಂದೇ ಹಲ್ಲುಚಕ್ರ ಸಾಕಾ ಅಂತ ನನಗೂ ಅನುಮಾನ ಇತ್ತು. ಲೆಕ್ಕ ಹಾಕಿ ನೋಡಿದೆ. ಮುಂದೆ 38 ಹಲ್ಲು, ಹಿಂದೆ 11ರಿಂದ 46. ಅತಿ ಹಗುರದ ಗೇರಿನಲ್ಲಿ ಒಂದು ಸುತ್ತು ತುಳಿದರೆ ಸೈಕಲ್ ಎರಡು ಮೀಟರಿಗಿಂತ ಸ್ವಲ್ಪ ಕಮ್ಮಿ ಹೋಗುತ್ತದೆ, ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಆರೂವರೆ ಕಿಲೋಮೀಟರ್, ಅಂದರೆ ಚುರುಕಾಗಿ ನಡೆಯುವವನ ವೇಗದಲ್ಲಿ ಏರು ಹತ್ತಬಹುದು. ಅತಿ ಭಾರದ ಗೇರಿನಲ್ಲಿ 80 ಸುತ್ತಿಗೆ 37 ಕಿಲೋಮೀಟರ್ ವೇಗ. ಆಫೀಸಿಗೆ ಹೋಗುವವನಿಗೆ ಅದಕ್ಕಿಂತ ಜಾಸ್ತಿ ಯಾಕೆ? ಮುಂದಿನ ಗೇರ್ ಬದಲಿಸುವ ಸಾಮಾನೇ ಇಲ್ಲದ್ದರಿಂದ ಕೆಸರು ಸಿಕ್ಕುವ ಒಂದು ಜಾಗ ಕಮ್ಮಿಯಾಯಿತು. ಹಿಂದೆ ಗೇರ್ ಬದಲಿಸುವ ಡಿರೇಲರ್‌ನಲ್ಲಿ ಚೈನ್ ಬಿಗಿಯಾಗಿ ಹಿಡಿಯುವ ಕ್ಲಚ್ ಇದೆ, ಗುಂಡಿಯಲ್ಲಿ ಚೈನ್ ಒದ್ದಾಡುವುದಿಲ್ಲ. ಹಳೇ ಸೈಕಲ್‌ನಲ್ಲಿ ವಾರಕ್ಕೊಮ್ಮೆಯಾದರೂ ಚೈನ್ ಬೀಳುತ್ತಿತ್ತು, ಇದರಲ್ಲಿ ಇಷ್ಟು ದಿನಕ್ಕೆ ಒಂದೇ ಸಲ ಬಿದ್ದಿದೆ. ಕೊರತೆ ಏನಂದರೆ ಹಲ್ಲುಗಳ ನಡುವಿನ ಜಿಗಿತ ದೊಡ್ಡದು. 37ರಿಂದ 46ಕ್ಕೆ ಹಾರುವಾಗ ಕಾಲಿಗೆ ಇದ್ದಕ್ಕಿದ್ದಂತೆ ಏನೂ ಸಿಗದ ಹಾಗೆ ಆಗುತ್ತದೆ. ರೋಡ್ ಬೈಕಿನವರ ಗುಂಪಿನಲ್ಲಿ ಒಂದೇ ವೇಗ ಹಿಡಿದು ಹೋಗುವವರಿಗೆ ಇದು ಕಿರಿಕಿರಿ. ಒಬ್ಬನೇ ಹೋಗುವವನಿಗೆ ಗೊತ್ತೇ ಆಗುವುದಿಲ್ಲ.

ಬ್ರೇಕಿಗೆ ಬಂದರೆ, ವೈರಿನ ಡಿಸ್ಕ್ ಬ್ರೇಕಿನಿಂದ ಹೈಡ್ರಾಲಿಕ್‌ಗೆ ಬಂದವರು ಹಿಂದೆ ಹೋಗುವುದು ಕಷ್ಟ. ಒಂದೇ ಬೆರಳು ಸಾಕು, ಮಳೆಯಲ್ಲೂ ಅಷ್ಟೇ. ಪ್ಯಾಡ್ ಸವೆದ ಹಾಗೆ ಅದೇ ಸರಿಮಾಡಿಕೊಳ್ಳುತ್ತದೆ. ಇದನ್ನೂ ನಾನು ಕೆಡಿಸಿದೆ, ಅದು ಸೈಕಲ್ ತಪ್ಪಲ್ಲ. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಗಾಳಿಗೆ ಹಿಂದಿನ ಡಿಸ್ಕ್ ಮೇಲೆ ಕೂತಿತು. ಮಾರನೆಯ ದಿನ ಬ್ರೇಕ್ ಹಿಡಿದರೆ ರಸ್ತೆಯವರೆಲ್ಲಾ ತಿರುಗಿ ನೋಡುವಂಥ ಕಿರುಚಾಟ, ಸೈಕಲ್ ಮಾತ್ರ ನಿಲ್ಲುತ್ತಿಲ್ಲ. ಪ್ಯಾಡ್ ಎಸೆದು ಹೊಸದು ಹಾಕಿದೆ. ಅವತ್ತಿನಿಂದ ತೊಟ್ಟು ತೊಟ್ಟಾಗಿ ಬಿಡುವ ಎಣ್ಣೆಯೇ.

ಹ್ಯಾಂಡಲ್ ನೇರ ಬೇಕಾ, ಬಾಗಿದ್ದು ಬೇಕಾ? ನನಗೆ ನೇರ. ವಾಹನಗಳ ನಡುವೆ ಕೈ ಯಾವಾಗಲೂ ಬ್ರೇಕ್ ಮೇಲೇ ಇರುತ್ತದೆ, ತಲೆ ಎತ್ತಿ ನೋಡಬಹುದು. ದೂರ ಹೋದಾಗ ಕೈ ಇಡಲು ಬೇರೆ ಜಾಗ ಇಲ್ಲದೆ ಅಂಗೈ ಜೋಮು ಹಿಡಿಯುವುದು ನಿಜ, ಎರಡು ಗಂಟೆ ದಾಟಿದರೆ ನನಗೂ ಹಿಡಿಯುತ್ತದೆ. ಕಂಪನಿಯಿಂದ ಬಂದ ಹ್ಯಾಂಡಲ್ 720 ಮಿಲಿಮೀಟರ್ ಅಗಲ ಇತ್ತು. ಮಣ್ಣಿನಲ್ಲಿ ಸೊಗಸು, ಸಿಗ್ನಲ್ಲಿನಲ್ಲಿ ಕಾರುಗಳ ಕನ್ನಡಿಗೆ ಮುತ್ತಿಡುತ್ತಿತ್ತು. ಎರಡೂ ಕಡೆ 20 ಮಿಲಿಮೀಟರ್ ಕತ್ತರಿಸಿದೆ, ಈಗ 680. ಕತ್ತರಿಸುವ ಮೊದಲು ಹಿಡಿಕೆಯನ್ನು ಒಳಗೆ ಸರಿಸಿ ಒಂದು ವಾರ ಓಡಿಸಿ ನೋಡಿ, ಕತ್ತರಿಸಿದ ಮೇಲೆ ಅಂಟಿಸಲು ಆಗುವುದಿಲ್ಲ.

ಈಗ ಬೇಸರದ ಸಂಗತಿ. ಮಡ್‌ಗಾರ್ಡ್ ಮತ್ತು ಜೇಡಿಮಣ್ಣು ಒಂದಕ್ಕೊಂದು ಆಗಿಬರುವುದಿಲ್ಲ. ಒಂದು ದಿನ ರಾತ್ರಿಯೆಲ್ಲಾ ಮಳೆ ಬಂದು ಬೆಳಿಗ್ಗೆ ನಿಂತಿತ್ತು. ಕಾಲುವೆ ದಂಡೆ ಹಿಡಿದೆ. ಅರ್ಧ ಕಿಲೋಮೀಟರಿಗೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಮೆತ್ತಿ ಚಕ್ರ ತಿರುಗುವುದೇ ನಿಂತುಹೋಯಿತು. ಕಡ್ಡಿಯಲ್ಲಿ ಕೆರೆದೆ, ಹತ್ತು ಹೆಜ್ಜೆಗೆ ಮತ್ತೆ ಅದೇ. ಕೊನೆಗೆ ಸೈಕಲ್ ನನ್ನ ಮೇಲೆ ಸವಾರಿ ಮಾಡಿತು. ಕ್ಯಾರಿಯರ್ ಸೇರಿ 14 ಕಿಲೋ, ಹೆಗಲ ಮೇಲೆ ಹೊತ್ತು ಡಾಂಬರು ತಲುಪುವಷ್ಟರಲ್ಲಿ ಆಫೀಸಿನ ಮೀಟಿಂಗ್ ಮುಗಿದಿತ್ತು. ಹಾಗಂತ ಮಡ್‌ಗಾರ್ಡ್ ಇಲ್ಲದೆ ಆಫೀಸಿಗೆ ಹೋದರೆ ಬೆನ್ನ ಮೇಲೆ ಕೆಸರಿನ ಪಟ್ಟೆ. ಹಾಗಾಗಿ ಅಂಗಡಿಯಲ್ಲಿ ಎಷ್ಟು ದಪ್ಪದ ಟೈರ್ ಹಿಡಿಯುತ್ತದೆ ಅಂತ ಕೇಳಿ ಸುಮ್ಮನಾಗಬೇಡಿ, ಮಡ್‌ಗಾರ್ಡ್ ಹಾಕಿದ ಮೇಲೆ ಎಷ್ಟು ಹಿಡಿಯುತ್ತದೆ ಅಂತಲೂ ಕೇಳಿ. ಎರಡೂ ಬೇರೆ ಬೇರೆ ನಂಬರ್. ಟೈರಿನ ಮೇಲೆ ಬೆರಳು ಸಲೀಸಾಗಿ ಹಾಯುವಷ್ಟಾದರೂ ಜಾಗ ಇರಲಿ.

ಕ್ಯಾರಿಯರ್ ಹಾಕಿಸಿದ್ದು ಒಳ್ಳೆಯದಾಯಿತು. ಬೆನ್ನಿಗೆ ಚೀಲ ಹಾಕಿಕೊಂಡು ಬೆವರಿ ತೊಯ್ದು ಹೋಗುವ ಪಾಡು ತಪ್ಪಿತು. ಆದರೆ ಮಣ್ಣು ದಾರಿಯ ಕುಲುಕಾಟಕ್ಕೆ ಬೋಲ್ಟುಗಳು ಸಡಿಲವಾಗುತ್ತವೆ, ಎರಡನೇ ತಿಂಗಳಲ್ಲೇ ಒಂದು ಉದುರಿಹೋಯಿತು. ಈಗ ಬೋಲ್ಟಿನ ಎಳೆಗೆ ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್, ಹಚ್ಚಿದ್ದೇನೆ, ಚೀಲದಲ್ಲಿ 4 ಮಿಲಿಮೀಟರ್ ಅಲೆನ್ ಕೀ ಮತ್ತು ಎರಡು ಹೆಚ್ಚುವರಿ ಬೋಲ್ಟು ಕಾಯಂ.

ಸೈಜ್ ಬಗ್ಗೆ ಒಂದೇ ಮಾತು. ಸೈಕಲ್ ನಡುವೆ ಎರಡೂ ಪಾದ ಊರಿ ನಿಂತಾಗ ಮೇಲಿನ ಕೊಳವೆಗೂ ದೇಹಕ್ಕೂ ನಡುವೆ ನಾಲ್ಕೈದು ಸೆಂಟಿಮೀಟರ್ ಸಂದು ಬೇಕು. ಡಾಂಬರಿನಲ್ಲಿ ಕಮ್ಮಿ ಇದ್ದರೂ ನಡೆದೀತು, ಜಲ್ಲಿಯಲ್ಲಿ ಅವಸರಕ್ಕೆ ಕಾಲು ಊರುವಾಗ ಆ ಸಂದಿನ ಬೆಲೆ ಗೊತ್ತಾಗುತ್ತದೆ. ಆದರೆ ಬರೀ ಅದನ್ನೇ ನಂಬಬೇಡಿ, ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಚಾಚಿ ಹಿಡಿಯುವಂತಿದ್ದರೆ ಅದು ನಿಮ್ಮ ಸೈಕಲ್ ಅಲ್ಲ.

ಕೊಡುವಷ್ಟು ಅಂಕ ಕೊಡುತ್ತೇನೆ: ಡಾಂಬರಿಗೆ ಹತ್ತಕ್ಕೆ ಎಂಟು, ಮಣ್ಣು ಜಲ್ಲಿಗೆ ಎಂಟು, ಬೇರು ಬಂಡೆಗೆ ಐದು. ಬೇರು ಬಂಡೆ ನನಗೆ ತಿಂಗಳಿಗೆ ಎರಡು ದಿನ, ಅಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತೇನೆ, ನಾಚಿಕೆಯೇನಿಲ್ಲ. ನಿಮ್ಮ ದಾರಿ ಪೂರ್ತಿ ಡಾಂಬರಾದರೆ ಇದು ಬೇಡ, 32ರ ಟೈರಿನ ಸಾದಾ ಹೈಬ್ರಿಡ್ ಸಾಕು, ಹಗುರವಾಗಿಯೂ ಇರುತ್ತದೆ.

ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿದೆ, ಬದಲಿಸುವ ಹೊತ್ತು ಬಂತು. ಈ ಸಲ 50ರದ್ದು ಹಾಕೋಣ ಅಂತ ಆಸೆ, ಆದರೆ ಮಡ್‌ಗಾರ್ಡ್ ಬಿಚ್ಚಬೇಕಾಗುತ್ತದೆ. ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೇನೆ.