ಹಿಮದ ಬಣ್ಣದಲ್ಲಿ ಸುಣ್ಣದ ಕಲೆ: ಟಾಮಿಯಾ ವೆದರಿಂಗ್ ಮಾಸ್ಟರ್, ಬಿ ಸೆಟ್

ಮಾದರಿ ರೈಲು, ಗಾಡಿಗಳು ಬಳಸಿ ಹಳತಾದಂತೆ ಕಾಣಲು ಹಚ್ಚುವ ಬಣ್ಣದ ಅಂಗೈಯಗಲದ ಡಬ್ಬಿ. ಒಳಗೆ ಮೂರು ಬಣ್ಣ: ಹಿಮ, ಮಸಿ, ತುಕ್ಕು. ಜೊತೆಗೆ ಒಂದು ತುದಿಗೆ ಸ್ಪಂಜು, ಇನ್ನೊಂದು ತುದಿಗೆ ಬ್ರಷ್ ಇರುವ ಪುಟ್ಟ ಕಡ್ಡಿ. ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟ್ ಪೌಡರಿನ ಹಾಗೇ ಇದೆ. ಬಣ್ಣದಲ್ಲಿ ಸ್ವಲ್ಪ ಜಿಗುಟಿರೋದರಿಂದ ಒಣ ಪುಡಿಯಂತೆ ಹಾರೋದಿಲ್ಲ, ತಿಕ್ಕಿದ ಕಡೆ ಹಿಡಿದುಕೊಳ್ಳುತ್ತೆ.

ನಾನು ಹುಟ್ಟಿದ್ದು ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅರಸೀಕೆರೆ ಮೀಟರ್ ಗೇಜ್ ಲೈನಿನಲ್ಲಿ ಫೈರ್‌ಮನ್. ಮದುವೆಯಾಗಿ ಸೋಮವಾರಪೇಟೆಗೆ ಬಂದೆ. ಕೊಡಗಿನಲ್ಲಿ ರೈಲೇ ಇಲ್ಲ. ಅಪ್ಪ ಹೋದಮೇಲೆ ಮಗ 1:87 ಅಳತೆಯ (ನಿಜದ 87ರಲ್ಲಿ ಒಂದು ಪಾಲು) ಒಂದು ಕಪ್ಪು ಸ್ಟೀಮ್ ಎಂಜಿನ್ ಮಾದರಿ ತರಿಸಿಕೊಟ್ಟ. ಚಕ್ರದ ಲೆಕ್ಕ 2-8-2 (ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು), ಅಪ್ಪ ಕಲ್ಲಿದ್ದಲು ಹಾಕುತ್ತಿದ್ದ ವೈಜಿ ಅನ್ನೋ ಮೀಟರ್ ಗೇಜ್ ಎಂಜಿನ್ನಿನದೂ ಅದೇ. ಆದರೆ ಮೈಯೆಲ್ಲ ಫಳಫಳ. ಅಂಥ ಎಂಜಿನ್ನನ್ನು ನಾನು ಶೆಡ್ಡಿನಲ್ಲಿ ಒಂದು ದಿನವೂ ನೋಡಿರಲಿಲ್ಲ.

ಹೊಳೆಯುವ ಪ್ಲಾಸ್ಟಿಕ್ಕಿಗೆ ಈ ಬಣ್ಣ ಕೂರೋದಿಲ್ಲ, ಮೊದಲು ಮ್ಯಾಟ್ ವಾರ್ನಿಶ್ ಹೊಡೆಯಬೇಕು. ಬೇರೆ ಯಾವುದೋ ಕಂಪನಿಯ ಸ್ಪ್ರೇ ಡಬ್ಬಿ ತಂದು ಜುಲೈ ಮಳೆಯಲ್ಲಿ ಜಗಲಿ ಮೇಲೆ ಹೊಡೆದೆ. ಐದೇ ನಿಮಿಷಕ್ಕೆ ಬಾಯ್ಲರಿನ ಮೇಲೆಲ್ಲ ಬೂಷ್ಟು ಹಿಡಿದಂತೆ ಬಿಳಿ ಪೊರೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಎಳೆದುಕೊಳ್ಳುತ್ತೆ. ಆ ರಾತ್ರಿ ನಿದ್ದೆ ಬರಲಿಲ್ಲ. ಜನವರಿವರೆಗೆ ಕಾದು, ಕಾಫಿ ಒಣಗುವ ಬಿಸಿಲಿನಲ್ಲಿ ಅದೇ ವಾರ್ನಿಶ್ಶನ್ನು ತೆಳುವಾಗಿ ಇನ್ನೊಮ್ಮೆ ಹೊಡೆದೆ. ಪೊರೆ ಕರಗಿತು. ಕೊಡಗಿನವರು ಮಳೆಗಾಲದಲ್ಲಿ ಸ್ಪ್ರೇ ಮುಟ್ಟಲೇಬೇಡಿ.

ಮಸಿ ಬಣ್ಣ ಬಹಳ ಚೆನ್ನಾಗಿದೆ. ನಮ್ಮ ಸ್ನಾನದ ಹಂಡೆ ಒಲೆಯ ಬಾಯಿ ನೋಡಿ ಹಚ್ಚಿದೆ: ಬಾಯಿ ಹತ್ತಿರ ದಟ್ಟ, ದೂರ ಹೋದಂತೆ ಕಂದು. ಚಿಮಣಿ ಸುತ್ತ, ಬಾಯ್ಲರಿನ ನೆತ್ತಿಯ ಮೇಲೆ, ಕ್ಯಾಬಿನ ಸೂರಿನ ಮೇಲೆ ಅಷ್ಟೇ ಸಾಕು.

ನನಗೆ ತುಂಬ ಇಷ್ಟವಾಗಿದ್ದು ಹಿಮ. ಹಿಮಕ್ಕಲ್ಲ, ಸುಣ್ಣದ ಕಲೆಗೆ. ಗಡಸು ನೀರು ತುಂಬಿದ ಬಾಯ್ಲರಿನಲ್ಲಿ ಎಲ್ಲೆಲ್ಲಿ ಸೋರಿಕೆಯೋ ಅಲ್ಲಲ್ಲಿ ನೀರು ಆವಿಯಾಗಿ ಬಿಳಿ ಗೆರೆ ಉಳಿಯುತ್ತೆ: ಸೇಫ್ಟಿ ವಾಲ್ವಿನಿಂದ ಇಳಿಜಾರಿಗೆ, ವಾಶ್‌ಔಟ್ ಪ್ಲಗ್ಗಿನ (ಬಾಯ್ಲರ್ ತೊಳೆಯಲು ಬಿಚ್ಚುವ ಬಿರಡೆ) ಕೆಳಗೆ. ಬ್ರಷ್ಷಿನ ತುದಿಯಲ್ಲಿ ಒಂದೇ ಒಂದು ಚೂರು ತಗೊಂಡು, ಪ್ಲಗ್ಗಿನಿಂದ ಕೆಳಕ್ಕೆ ಎಳೆದು, ಒದ್ದೆ ಹತ್ತಿಯಿಂದ ಅಂಚು ಒರೆಸಿದೆ. ಎರಡು ಮಿಲಿಮೀಟರಿನ ಆ ಗೆರೆ ಬಿದ್ದಕೂಡಲೇ ಎಂಜಿನ್ನಿನೊಳಗೆ ನೀರಿದೆ ಅನ್ನಿಸಿತು.

ತುಕ್ಕು ಮಾತ್ರ ಕೈ ಬಿಗಿಹಿಡಿದು ಬಳಸಿ. ಎಂಜಿನ್ನಿನ ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರಿನಲ್ಲಿ ನೀರು ತುಂಬುವ ಬಾಯಿಯ ಸುತ್ತ, ಕಲ್ಲಿದ್ದಲು ಗೀಚುವ ತಗಡಿನ ಮೇಲೆ, ಅಷ್ಟೆ. ಚಕ್ರದ ರಾಡಿಗೆ ಬೇಡವೇ ಬೇಡ. “ರಾಡಲ್ಲಿ ಎಣ್ಣೆ ಕಾಣಬೇಕು ಮಗಾ, ತುಕ್ಕು ಕಂಡರೆ ಡ್ರೈವರ್ ಸಾಹೇಬರು ಬಿಡಲ್ಲ” ಅನ್ನುತ್ತಿದ್ದರು ಅಪ್ಪ. ಎಣ್ಣೆಯ ಜಿಡ್ಡು ಈ ಸೆಟ್ಟಿನಲ್ಲಿಲ್ಲ, ಅದು ಡಿ ಸೆಟ್ಟಿನಲ್ಲಿದೆ. ಎಂಜಿನ್ ಮಾಡುವವರು ಎರಡೂ ತಗೊಳ್ಳಿ.

ಬಣ್ಣ ಹಚ್ಚಿದ ಮೇಲೆ ಮೈ ಮುಟ್ಟದೆ ಚಕ್ರದ ಭಾಗ ಹಿಡಿದೇ ಎತ್ತುತ್ತೇನೆ, ವರ್ಷವಾದರೂ ಅಳಿಸಿಲ್ಲ. ಒಂದು ಡಬ್ಬಿಯಲ್ಲಿ ಕಾಲು ಭಾಗವೂ ಮುಗಿದಿಲ್ಲ.

ಕ್ಯಾಬಿನ ಪಕ್ಕದ ನಂಬರ್ ಪ್ಲೇಟನ್ನು ಕೊನೆಗೆ ಹತ್ತಿಯಿಂದ ಒರೆಸಿ ಹಾಗೇ ಬಿಟ್ಟಿದ್ದೇನೆ. ಡ್ಯೂಟಿಗೆ ಹತ್ತುವ ಮುಂಚೆ ಅಪ್ಪ ಕೈಲಿದ್ದ ಹತ್ತಿ ವೇಸ್ಟಿನಿಂದ ಅದೊಂದನ್ನು ಒರೆಸುತ್ತಿದ್ದರು.