ಸೈನಿಕರ ಮಕ್ಕಳಿಗೆ ಕೆ.ವಿ. ದಾಖಲಾತಿ: ಒಳಗೆ ಹೋಗುವುದೇ ಕಷ್ಟ, ಹೋದಮೇಲೆ ಸಲೀಸು

ಒಂದು ಕೇಂದ್ರೀಯ ವಿದ್ಯಾಲಯದಿಂದ (ಕೆ.ವಿ.) ಇನ್ನೊಂದಕ್ಕೆ ಟಿ.ಸಿ. ಮೇಲೆ ಹೋಗುವವರ ಲೆಕ್ಕದಲ್ಲಿ ಈ ವ್ಯವಸ್ಥೆಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಹೊರಗಿನ ಶಾಲೆಯಿಂದ ಹೊಸದಾಗಿ ಸೇರುವವರ ಲೆಕ್ಕದಲ್ಲಿ ಎರಡೂವರೆ, ಅದೂ ಫೀಸು ಕಡಿಮೆ ಎನ್ನುವ ಕಾರಣಕ್ಕೆ. ಶಾಲೆ ಒಂದೇ, ಕೌಂಟರ್ ಒಂದೇ, ಆದರೆ ಸಿಗುವ ಸೇವೆ ಮಾತ್ರ ಬೇರೆ ಬೇರೆ.

1963ರಲ್ಲಿ ಸೇನೆಯ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಂಡು ಕೆ.ವಿ.ಗಳು ಹುಟ್ಟಿದ್ದೇ ವರ್ಗವಾಗುತ್ತಲೇ ಇರುವವರ ಮಕ್ಕಳಿಗಾಗಿ. ಆ ಮೂಲ ಉದ್ದೇಶ ಇವತ್ತಿಗೂ ಸರಿಯಾಗಿ ಕೆಲಸ ಮಾಡುವುದು ಟಿ.ಸಿ. ದಾಖಲಾತಿಯಲ್ಲಿ. ಅಪ್ಪನಿಗೋ ಅಮ್ಮನಿಗೋ ವರ್ಗವಾಗಿ, ಮಗುವಿನ ಕೈಯಲ್ಲಿ ಕೆ.ವಿ. ಟಿ.ಸಿ. ಇದ್ದರೆ ಹೊಸ ಊರಿನ ಕೆ.ವಿ. ಸೇರಿಸಿಕೊಳ್ಳಲೇಬೇಕು. ಸೀಟು ಖಾಲಿ ಇಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನವೆಂಬರಿನಲ್ಲಿ ಪಠಾಣ್‌ಕೋಟ್ ಬಿಟ್ಟು ಬೆಳಗಾವಿಗೆ ಬಂದರೂ ಪುಸ್ತಕ, ಸಿಲಬಸ್, ಯೂನಿಫಾರ್ಮ್ ಎಲ್ಲ ಅವೇ.

ಟಿ.ಸಿ. ಕೈಗೆ ಬಂದಾಗ ಅಲ್ಲೇ ನಿಂತು ಓದಬೇಕಾದ ಸಾಲು ಒಂದಿದೆ: ಶಾಲೆ ಬಿಡುವ ಕಾರಣ. ಅಲ್ಲಿ ‘ಪೋಷಕರ ವರ್ಗಾವಣೆ’ ಎಂದಿರಬೇಕು. ‘ಪೋಷಕರ ಕೋರಿಕೆ’ ಎಂದು ಬರೆದುಬಿಟ್ಟರೆ ವರ್ಗಾವಣೆ ಇಲ್ಲದೆ ಶಾಲೆ ಬದಲಿಸುತ್ತಿದ್ದೀರಿ ಎಂಬ ಅರ್ಥ ಬರುತ್ತದೆ. ಅಂಥ ಪ್ರಕರಣಕ್ಕೆ ಪ್ರಾದೇಶಿಕ ಕಚೇರಿಯ ಡೆಪ್ಯುಟಿ ಕಮಿಷನರ್ ಅನುಮತಿ ಬೇಕು. ಅರ್ಜಿ ಕೊಡುವಾಗಲೇ ಪೋಸ್ಟಿಂಗ್ ಆರ್ಡರ್ ಪ್ರತಿ ಲಗತ್ತಿಸಿದರೆ ಈ ತಾಪತ್ರಯ ಇಲ್ಲ. ಲೈಬ್ರರಿ ಪುಸ್ತಕ, ಬಾಕಿ ಫೀಸು ಮೊದಲೇ ಚುಕ್ತಾ ಮಾಡಿರಿ.

ಬೆಂಗಳೂರಿನಂಥ ಊರಲ್ಲಿ ಇನ್ನೊಂದು ತೊಡಕು. ಸೇನಾ ತರಬೇತಿ ಕೇಂದ್ರಗಳಾದ ಎ.ಎಸ್.ಸಿ. ಸೆಂಟರ್, ಎಂ.ಇ.ಜಿ., ಆಮೇಲೆ ಜಾಲಹಳ್ಳಿ, ಯಲಹಂಕ ಎಂದು ಕೆ.ವಿ.ಗಳು ಹಲವು, ಯಾವುದು ಸಿಗುತ್ತದೆ ಎಂಬುದನ್ನು ಮನೆಯ ವಿಳಾಸ ನಿರ್ಧರಿಸುತ್ತದೆ. ಕ್ವಾರ್ಟರ್ಸ್‌ಗೆ ವೇಟಿಂಗ್ ಲಿಸ್ಟಿನಲ್ಲಿದ್ದು ತಾತ್ಕಾಲಿಕವಾಗಿ ದೂರದ ಬಾಡಿಗೆ ಮನೆಯ ವಿಳಾಸ ಕೊಟ್ಟರೆ ಮಗು ಆ ಕಡೆಯ ಶಾಲೆಗೆ ಬೀಳುತ್ತದೆ. ಆಮೇಲೆ ಅದೇ ಊರೊಳಗೆ ಬದಲಿಸಲು ಮತ್ತೆ ಅನುಮತಿಯ ಓಡಾಟ.

ಇನ್ನು ಹೊಸ ದಾಖಲಾತಿ. ಸೇವೆಯಲ್ಲಿರುವ ಸೈನಿಕರ ಮಕ್ಕಳು ಮೊದಲನೇ ವರ್ಗದಲ್ಲೇ ಬರುತ್ತಾರೆ, ನಿಜ. ಆದರೆ ಉಳಿದ ಕೇಂದ್ರ ಸರ್ಕಾರಿ ನೌಕರರ ಮಕ್ಕಳೂ ಅದೇ ವರ್ಗದವರು. ಅವರೊಳಗೆ ಮುಂದೆ ಯಾರು ಎಂಬುದನ್ನು ತೀರ್ಮಾನಿಸುವುದು ಮಾರ್ಚ್ 31ಕ್ಕೆ ಹಿಂದಿನ 7 ವರ್ಷಗಳಲ್ಲಿ ಆದ ವರ್ಗಾವಣೆಗಳ ಸಂಖ್ಯೆ. ಜನ ಎಡವುವುದು ಈ ಲೆಕ್ಕವನ್ನು ಯೂನಿಟ್ ಬರೆದುಕೊಡುವ ಸರ್ವಿಸ್ ಸರ್ಟಿಫಿಕೇಟಿನಲ್ಲೇ. ಒಂದು ಜಾಗದಲ್ಲಿ ಕನಿಷ್ಠ 6 ತಿಂಗಳು ಇದ್ದಿರಬೇಕು, ಎರಡು ಜಾಗಗಳ ನಡುವೆ ಕನಿಷ್ಠ 20 ಕಿಲೋಮೀಟರ್ ಇರಬೇಕು. ಹಾಗಾಗಿ ಮೂರು ತಿಂಗಳ ಕೋರ್ಸ್, ಟೆಂಪರರಿ ಡ್ಯೂಟಿ, ಒಂದೇ ಕಂಟೋನ್ಮೆಂಟಿನಲ್ಲಿ ಯೂನಿಟ್ ಬದಲಾದದ್ದು, ಇವು ಯಾವುವೂ ಲೆಕ್ಕಕ್ಕಿಲ್ಲ. ಯೂನಿಟ್ ಆಫೀಸಿನ ಕ್ಲರ್ಕು ಉಪಕಾರವೆಂದು ಐದು ವರ್ಗಾವಣೆ ಬರೆದುಕೊಟ್ಟು ಪರಿಶೀಲನೆಯಲ್ಲಿ ಮೂರೇ ನಿಂತರೆ, ಪಟ್ಟಿಯಲ್ಲಿ ಬಂದ ಹೆಸರೂ ಹೋಗುತ್ತದೆ. ಜಾಗದ ಕಾಲಂನಲ್ಲಿ ಊರಿನ ಹೆಸರಿಲ್ಲದೆ ಬರೀ ‘56 ಎ.ಪಿ.ಒ.’ ಎಂಬ ಸೇನಾ ಅಂಚೆ ವಿಳಾಸ ಇದ್ದರೆ ದೂರ ಅಳೆಯುವುದು ಹೇಗೆ? ಪ್ರತಿ ಪೋಸ್ಟಿಂಗಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆಸಿ, ಸಹಿ ಹಾಕಿದ ಅಧಿಕಾರಿಯ ಹೆಸರು, ಹುದ್ದೆ, ಮೊಹರು ಓದುವಂತೆ ಇವೆಯೇ ನೋಡಿಕೊಳ್ಳಿ. ಮಸುಕು ಮೊಹರಿಗೆ ವಾಪಸ್ ಕಳಿಸುವುದು ಅತಿರೇಕ ಅನ್ನಿಸಬಹುದು, ಆದರೆ ಕಳಿಸುತ್ತಾರೆ.

ಒಂದನೇ ತರಗತಿಗೆ ಮಾರ್ಚ್ 31ಕ್ಕೆ 6 ವರ್ಷ ತುಂಬಿರಬೇಕು. ಎರಡರಿಂದ ಮೇಲೆ ಖಾಲಿ ಇದ್ದರಷ್ಟೇ. ಎಂಟರವರೆಗೆ ಪ್ರವೇಶ ಪರೀಕ್ಷೆ ಇಲ್ಲ. ಒಂಬತ್ತಕ್ಕೆ ಹಿಂದಿ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಸೇರಿ 100 ಅಂಕದ ಪರೀಕ್ಷೆ, ಹೊಸಬರಿಗೆ. ನಮ್ಮ ರಾಜ್ಯ ಪಠ್ಯಕ್ರಮದಿಂದ ಏಳಕ್ಕೋ ಎಂಟಕ್ಕೋ ಹೋಗುವ ಮಗುವಿಗೆ ನಿಜವಾದ ಪೆಟ್ಟು ಸಂಸ್ಕೃತದ್ದು, ಉಳಿದವರು ಆರರಿಂದಲೇ ಕಲಿಯುತ್ತಿರುತ್ತಾರೆ. ಕನ್ನಡ? ಸಾಕಷ್ಟು ಮಕ್ಕಳು ಕೇಳಿದರೆ ಹೆಚ್ಚುವರಿ ಭಾಷೆಯಾಗಿ, ಗುತ್ತಿಗೆ ಶಿಕ್ಷಕರು ಸಿಕ್ಕರೆ. ಅದನ್ನು ನಂಬಿ ಕೂರುವಂತಿಲ್ಲ, ಮನೆಯಲ್ಲೇ ಕಲಿಸಬೇಕು.

ಹಳೆ ಶಾಲೆಯ ಟಿ.ಸಿ. ತಡವಾಗದಂತೆ ನೋಡಿಕೊಳ್ಳಿ. ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುವುದು ನಿಜ, ಆದರೆ ಆ ಸೆಕ್ಷನ್ ಕೆ.ವಿ.ಗಳನ್ನು ಹೊರಗಿಟ್ಟಿದೆ. ಈಗ ಅದಕ್ಕಿಂತ ಕಾಡುವುದು ಆನ್‌ಲೈನ್ ದಾಖಲೆ. ಶಾಲಾ ಮಕ್ಕಳ ವಿವರ ದಾಖಲಾಗುವ ಯುಡೈಸ್ ಪೋರ್ಟಲ್‌ನಲ್ಲಿ ಹಳೆ ಶಾಲೆ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆ ಪೆನ್ ನಂಬರ್ (ಮಗುವಿನ ಕಾಯಂ ಶಿಕ್ಷಣ ಸಂಖ್ಯೆ) ಹಾಕಿದರೂ ಹೆಸರು ಇತ್ತ ಬರುವುದಿಲ್ಲ. ಊರು ಬಿಡುವ ಮುನ್ನ ಪೆನ್ ನಂಬರ್ ಬರೆದುಕೊಂಡು, ಬಿಡುಗಡೆ ಆಯಿತೇ ಎಂದು ಕೇಳಿಯೇ ಹೊರಡಿ. ಹೆಸರಿನ ಸ್ಪೆಲ್ಲಿಂಗ್ ಜನನ ಪ್ರಮಾಣಪತ್ರ, ಆಧಾರ್, ಕುಟುಂಬದ ವಿವರ ದಾಖಲಿಸುವ ಸೇನೆಯ ಪಾರ್ಟ್ ಟೂ ಆರ್ಡರ್ ಮೂರರಲ್ಲೂ ಒಂದೇ ಇರಲಿ.

ಫೀಸಿನ ವಿಷಯದಲ್ಲಿ ದೂರುವಂಥದ್ದಿಲ್ಲ. ವಿದ್ಯಾಲಯ ವಿಕಾಸ ನಿಧಿ ತಿಂಗಳಿಗೆ 500 ರೂಪಾಯಿ, ಮೂರನೇ ತರಗತಿಯಿಂದ ಕಂಪ್ಯೂಟರಿಗೆ 100. ಒಂಬತ್ತು, ಹತ್ತರ ಹುಡುಗರಿಗೆ ಬೋಧನಾ ಶುಲ್ಕ 200, ಹನ್ನೊಂದು, ಹನ್ನೆರಡರ ವಿಜ್ಞಾನಕ್ಕೆ 400. ಹುಡುಗಿಯರಿಗೆ ಬೋಧನಾ ಶುಲ್ಕವೇ ಇಲ್ಲ. 2024ರ ಜನವರಿಯಿಂದ ಮಕ್ಕಳ ಶಿಕ್ಷಣ ಭತ್ಯೆ ಮಗುವಿಗೆ ತಿಂಗಳಿಗೆ 2,812.50 ಆಗಿರುವಾಗ ಇದು ಹೊರೆಯೇ ಅಲ್ಲ.

ಫೀಲ್ಡ್ ಪೋಸ್ಟಿಂಗ್ ಬಂದವರಿಗೆ ನಿಯಮದಲ್ಲಿ ಒಳ್ಳೆಯದೊಂದು ಇದೆ, ಕೌಂಟರಿನಲ್ಲಿ ತಾವಾಗಿ ಹೇಳುವುದು ಅಪರೂಪ. ಕುಟುಂಬ ಒಯ್ಯಲಾಗದ ಕಡೆಗೋ ಈಶಾನ್ಯಕ್ಕೋ ಜಮ್ಮು ಕಾಶ್ಮೀರಕ್ಕೋ ಹೋಗಬೇಕಾಗಿ ಬಂದು ಹೆಂಡತಿ ಮಕ್ಕಳನ್ನು ಹಾಸನದಲ್ಲೋ ಬೆಳಗಾವಿಯಲ್ಲೋ ಬಿಟ್ಟರೆ, ಆ ಊರಿನ ಕೆ.ವಿ.ಗೆ ಟಿ.ಸಿ. ಮೇಲೆ ಸೇರಿಸಬಹುದು. ಪೋಸ್ಟಿಂಗ್ ಆರ್ಡರ್ ಜೊತೆಗೆ ಕುಟುಂಬ ಇರುವ ವಿಳಾಸದ ಪತ್ರವನ್ನು ಯೂನಿಟ್‌ನಿಂದ ತಂದರೆ ಕೆಲಸ ಹಗುರ.

ಹನ್ನೊಂದು, ಹನ್ನೆರಡರ ನಡುವೆ ವರ್ಗವಾದರೆ ಮಾತ್ರ ಎಚ್ಚರ. ಎಲ್ಲ ಕೆ.ವಿ.ಗಳಲ್ಲೂ ಕಾಮರ್ಸ್, ಆರ್ಟ್ಸ್ ಇರುವುದಿಲ್ಲ. ವಿಜ್ಞಾನ ಇದ್ದರೂ ಜೀವಶಾಸ್ತ್ರದ ಜೊತೆ ಕಂಪ್ಯೂಟರ್ ಸೈನ್ಸ್ ಸಿಗದೇ ಹೋಗಬಹುದು. ಹನ್ನೆರಡಕ್ಕೆ ಬಂದಮೇಲೆ ವಿಷಯ ಬದಲಿಸಲಾಗದು. ಹೊಸ ಊರಿನ ಶಾಲೆಗೆ ಮೊದಲು ಫೋನು, ಆಮೇಲೆ ಟಿ.ಸಿ. ಅರ್ಜಿ. ಆ ಕಡೆ ಕಾಂಬಿನೇಷನ್ ಇಲ್ಲವೆಂದರೆ ಹಳೆ ಊರಲ್ಲೇ ಮನೆ ಉಳಿಸಿಕೊಂಡು ವರ್ಷ ಮುಗಿಸುವುದು ವಾಸಿ.